ಗಣಿ ಕಂಪೆನಿಗಳು ಕಾಡಿನ ಲೆಕ್ಕ ಒಪ್ಪಿಸಿದ್ದು ಹೇಗೆ?

ಗಂಗಾವತಿ ತಾಲೂಕಿನ ಮರಳಿ ಭಾಗದ ಭತ್ತದ ಗದ್ದೆಗಳಿಗೆ ನೀರು ಬರುವುದು ತುಂಗಭದ್ರಾ ಎಡದಂಡೆ ಕಾಲುವೆಯಿಂದ. ಹೊಳೆಯ ಆಚೆಗೆ, ಹೊಸಪೇಟೆ ದಾಟಿದರೆ, ಸಂಡೂರಿನ ಅದಿರು ಗುಡ್ಡಗಳು. ಅಲ್ಲಿನ ಕಾಡು ಅಗೆದು ತೆಗೆದ ಅದಿರು ನಮ್ಮ ಮಂಗಳೂರು ಬಂದರಿಗೂ ಲಾರಿಗಳಲ್ಲಿ ಬರುತ್ತಿದ್ದುದು ಹಲವರಿಗೆ ನೆನಪಿರಬಹುದು.

ಎಸ್. ಆರ್. ಹಿರೇಮಠರ ಮುಂದಾಳತ್ವದ, ಧಾರವಾಡದ ಸಮಾಜ ಪರಿವರ್ತನ ಸಮುದಾಯವು ಇದರ ವಿರುದ್ಧ 2009ರಲ್ಲಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. 2011ರ ಜುಲೈಯಲ್ಲಿ ಬಳ್ಳಾರಿಯ ಗಣಿಗಾರಿಕೆಗೆ ತಡೆ ಬಿತ್ತು. ನಿಲ್ಲಿಸಿದ್ದಕ್ಕಿಂತಲೂ ದೊಡ್ಡ ಸಂಗತಿ, ಪುನರಾರಂಭಕ್ಕೆ ಹಾಕಿದ ಷರತ್ತು. ಉಲ್ಲಂಘನೆಯ ಪ್ರಮಾಣ ನೋಡಿ ಗಣಿಗಳನ್ನು ಎ, ಬಿ, ಸಿ ಎಂದು ವಿಂಗಡಿಸಲಾಯಿತು. ತೀರಾ ಮಿತಿಮೀರಿದ ‘ಸಿ’ ಗುತ್ತಿಗೆಗಳನ್ನು 2013ರ ಏಪ್ರಿಲ್ ತೀರ್ಪು ರದ್ದುಪಡಿಸಿತು. ‘ಬಿ’ ವರ್ಗದವರು ಗಡಿ ಮೀರಿ ಅಗೆದ ಪ್ರತಿ ಹೆಕ್ಟೇರಿಗೆ 5 ಕೋಟಿ ರೂಪಾಯಿ, ಮಣ್ಣು ಸುರಿದಿದ್ದರೆ ಹೆಕ್ಟೇರಿಗೆ 1 ಕೋಟಿ ಪರಿಹಾರ ಕಟ್ಟಬೇಕಾಯಿತು. ಅದರ ಮೇಲೆ ಪುನಶ್ಚೇತನ ಯೋಜನೆ: ಮಣ್ಣಿನ ದಿಬ್ಬ ಜಾರದಂತೆ ತಡೆಗೋಡೆ, ಹೂಳು ಹಿಡಿಯಲು ಚೆಕ್ ಡ್ಯಾಮ್, ಗಿಡ ನೆಡುವುದು. ಎಲ್ಲವೂ ಕಂಪೆನಿಯ ಖರ್ಚಿನಲ್ಲೇ. ಬರೀ ಮನವಿ ಪತ್ರಗಳಿಂದ ಇಷ್ಟಾಗುತ್ತಿತ್ತೆಂದು ನಂಬುವುದು ಕಷ್ಟ.

ಸಂಗ್ರಹವಾದ ಹಣವನ್ನು ಗಣಿಬಾಧಿತ ಪ್ರದೇಶಕ್ಕೆ ಬಳಸಲು 2014ರಲ್ಲಿ ಕರ್ನಾಟಕ ಗಣಿ ಪರಿಸರ ಪುನಶ್ಚೇತನ ನಿಗಮ ಹುಟ್ಟಿತು. ಅದರ ಬೃಹತ್ ಯೋಜನೆಗೆ ಕೋರ್ಟಿನ ಒಪ್ಪಿಗೆ ಸಿಕ್ಕಿದ್ದು ಮಾತ್ರ 2022ರಲ್ಲಿ.