ಅಂಗಡಿಯಲ್ಲಿ ಸಿಗದ ಪ್ರಾಜೆಕ್ಟ್

ಭಾನುವಾರ ರಾತ್ರಿ ಎಂಟು ಗಂಟೆ. ಯಲಹಂಕ ಉಪನಗರದ ಸ್ಟೇಷನರಿ ಅಂಗಡಿಗಳ ಮುಂದೆ ಈ ದೃಶ್ಯ ಹೊಸದೇನಲ್ಲ. ‘ನಾಳೆ ಪ್ರಾಜೆಕ್ಟ್ ಕೊಡಬೇಕಂತೆ, ಒಂದು ಥರ್ಮೊಕೋಲು, ಗೋಂದು, ಜಲಚಕ್ರದ ಚಾರ್ಟು ಕೊಡಿ’ ಎನ್ನುವ ತಾಯಿ. ಪಕ್ಕದಲ್ಲಿ ಆಕಳಿಸುತ್ತಾ ನಿಂತ ಏಳನೇ ತರಗತಿಯ ಮಗ. ಮನೆಗೆ ಹೋದ ಮೇಲೆ ಕತ್ತರಿಸುವವರು ಅಪ್ಪ, ಅಂಟಿಸುವವರು ಅಮ್ಮ. ಮಗನ ಪಾಲಿಗೆ ಉಳಿಯುವುದು ಹೆಸರು ಬರೆಯುವ ಕೆಲಸ. ಮರುದಿನ ‘ವೆರಿ ಗುಡ್’ ಬೀಳುತ್ತದೆ. ಯಾರಿಗೆ?

ನಗುವ ಮಾತೇ ಆದರೂ ನಷ್ಟ ಸಣ್ಣದಲ್ಲ. ಓದಿನ ಕೆಲಸವನ್ನೂ ದುಡ್ಡು ಕೊಟ್ಟು ತರಬಹುದೆಂಬ ಪಾಠವನ್ನು ಮಗು ಆ ರಾತ್ರಿ ಕಲಿತುಬಿಡುತ್ತದೆ. ಚಾರ್ಟಿನ ಜಲಚಕ್ರಕ್ಕೆ ಹಣ ತೆತ್ತ ಅಂಗಡಿಯಿಂದ ಕೆಲವೇ ಕಿಲೋಮೀಟರ್ ದೂರದಲ್ಲಿ ನಿಜವಾದ ಜಲಚಕ್ರವೊಂದು ಪುಕ್ಕಟೆಯಾಗಿ ತಿರುಗುತ್ತಿದೆ. ಅದು ಜಕ್ಕೂರು ಕೆರೆ.

ಕೆರೆಯೊಳಗೊಂದು ಲೆಕ್ಕ

ಸುಮಾರು 160 ಎಕರೆಯ ಈ ಕೆರೆಗೆ ಬರುವುದು ಮಳೆನೀರು ಮಾತ್ರವಲ್ಲ. ಪಕ್ಕದ ಘಟಕದಲ್ಲಿ ಶುದ್ಧೀಕರಿಸಿದ ಬಳಕೆ ನೀರು ಜೊಂಡು ಬೆಳೆದ ತೇವಭೂಮಿಯನ್ನು ಹಾದು ಕೆರೆಗೆ ಇಳಿಯುತ್ತದೆ. ಘಟಕ ಆರಂಭವಾದಾಗ ಅದರ ಸಾಮರ್ಥ್ಯ ದಿನಕ್ಕೆ 1 ಕೋಟಿ ಲೀಟರ್. ಅಷ್ಟೂ ನೀರು ಬಂದರೆ ಒಂದು ದಿನದಲ್ಲಿ ಕೆರೆಯ ಮಟ್ಟ ಎಷ್ಟು ಏರೀತು?

ಏಳನೇ ತರಗತಿಯ ಗಣಿತ ಸಾಕು. ಒಂದು ಎಕರೆ ಎಂದರೆ ಸುಮಾರು 4,047 ಚದರ ಮೀಟರ್. 160 ಎಕರೆ ಸುಮಾರು ಆರೂವರೆ ಲಕ್ಷ ಚದರ ಮೀಟರ್. 1 ಕೋಟಿ ಲೀಟರ್ ಎಂದರೆ 10,000 ಘನ ಮೀಟರ್. ಭಾಗಿಸಿದರೆ ಬರುವ ಉತ್ತರ ಬರೀ ಒಂದೂವರೆ ಸೆಂಟಿಮೀಟರ್! ಕೋಟಿ ಎಂದೊಡನೆ ಪ್ರವಾಹ ಊಹಿಸಿದ್ದ ಹುಡುಗ ತನ್ನ ಬೆರಳಿನ ಒಂದು ಗೆಣ್ಣು ನೋಡಿಕೊಳ್ಳುತ್ತಾನೆ.

ಆದರೆ ದಿನಕ್ಕೆ ಅಷ್ಟಾದರೂ ಏರುತ್ತಾ ಹೋದರೆ ಕೆರೆ ಎಂದೋ ತುಂಬಿ ಊರಿಗೆ ನುಗ್ಗಬೇಕಿತ್ತಲ್ಲ? ಆ ನೀರು ಎಲ್ಲಿಗೆ ಹೋಯಿತು? ಈ ಪ್ರಶ್ನೆಯಿಂದ ವಿಜ್ಞಾನ ಆರಂಭ. ಸ್ವಲ್ಪ ಇಂಗುತ್ತದೆ, ಸ್ವಲ್ಪ ಆವಿಯಾಗುತ್ತದೆ, ಉಳಿದದ್ದು ಹರಿದು ಕೆಳಗಿನ ರಾಚೇನಹಳ್ಳಿ ಕೆರೆಯ ದಾರಿ ಹಿಡಿಯುತ್ತದೆ. ಆವಿಯಾಗುವುದು ಎಷ್ಟು? ಶಾಲೆಯ ತಾರಸಿಯ ಮೇಲೆ ಒಂದು ಬೇಸಿನ್ನಿನಲ್ಲಿ ನೀರಿಟ್ಟು, ದಿನವೂ ಸ್ಕೇಲಿನಿಂದ ಅಳೆದು ಬರೆದಿಟ್ಟರೆ ಒಂದು ಅಂದಾಜು ಸಿಗುತ್ತದೆ. ಬೇಸಿನ್ನಿನ ನೀರು ಕೆರೆಯ ನೀರಿಗಿಂತ ಬೇಗ ಬಿಸಿಯಾಗುವುದರಿಂದ ಆ ಅಂದಾಜು ಎಷ್ಟು ನಂಬಲರ್ಹ ಎಂಬುದು ಮುಂದಿನ ಪ್ರಶ್ನೆ. ಮೋಡ ಕವಿದ ದಿನದ ಅಂಕಿ ಬಿಸಿಲಿನ ದಿನದ್ದಕ್ಕಿಂತ ಏಕೆ ಕಡಿಮೆ ಎಂದು ಯಾರೂ ಬಾಯಿಪಾಠ ಮಾಡಿಸಬೇಕಿಲ್ಲ.

ಸಮಾಜ, ಕನ್ನಡವೂ ಜೊತೆಗೆ

ಹೀಗೆ ಒಂದು ಪ್ರಶ್ನೆಯನ್ನು ಹಿಡಿದು ಹೊರಟರೆ ವಿಷಯಗಳ ನಡುವಿನ ಗೋಡೆ ತಾನಾಗಿ ಬೀಳುತ್ತದೆ. ಏರಿ, ಕೋಡಿ, ತೂಬು, ರಾಜಕಾಲುವೆ, ನೀರಗಂಟಿ ಎಂಬ ಪದಗಳ ಅರ್ಥ ಹುಡುಕುವುದು ಕನ್ನಡದ ಪಾಠ. ಈ ಭಾಗದಲ್ಲಿ ಹಿಂದಿನಿಂದ ಇರುವ ಹಿರಿಯರನ್ನು ಮಾತನಾಡಿಸಿ, ಕೆರೆ ಕೋಡಿ ಬಿದ್ದ ವರ್ಷಗಳನ್ನು ಕೇಳಿ ಬರೆದುಕೊಳ್ಳುವುದು ಸಮಾಜದ ಪಾಠ. ಒಬ್ಬರ ನೆನಪು ಇನ್ನೊಬ್ಬರದಕ್ಕೆ ತಾಳೆಯಾಗದಿದ್ದರೆ ಇನ್ನೂ ಒಳ್ಳೆಯದು, ಇತಿಹಾಸ ಬರೆಯುವವರ ಕಷ್ಟ ಆಗ ತಿಳಿಯುತ್ತದೆ.

ಇನ್ನೂ ಹಿಂದಕ್ಕೆ ಹೋಗಬೇಕೆಂದರೆ ಹೆಬ್ಬಾಳವಿದೆ. 2018ರಲ್ಲಿ ಅಲ್ಲಿ ನೆಲ ಅಗೆಯುವಾಗ ಒಂದು ವೀರಗಲ್ಲು ಸಿಕ್ಕಿತು. ಗಂಗ ದೊರೆ ಶ್ರೀಪುರುಷನ ಕಾಲದ, ಸುಮಾರು ಕ್ರಿ.ಶ. 750ರ ಈ ಕಲ್ಲು ಹೋರಾಡಿ ಮಡಿದ ಕಿತ್ತಯ್ಯನ ಹೆಸರನ್ನು ಹೊತ್ತಿದೆ. ಕೆಂಪೇಗೌಡರು ಬೆಂಗಳೂರು ಕಟ್ಟಿದ್ದು 1537ರಲ್ಲಿ ಎಂದು ಓದಿದ ಮಗು, ಅದಕ್ಕಿಂತ ಸುಮಾರು 800 ವರ್ಷ ಮೊದಲೇ ಇಲ್ಲಿ ಜನ ಕನ್ನಡ ಬರೆಸುತ್ತಿದ್ದರೆಂದು ಕಂಡಾಗ ಫ್ಲೈಓವರಿನ ಹೆಬ್ಬಾಳ ಬೇರೆಯೇ ಊರಾಗಿ ಕಾಣುತ್ತದೆ.

ಇದು ಹೊಸ ಹುಚ್ಚೇ?

ಅಲ್ಲ. ಅಮೆರಿಕದ ವಿಲಿಯಂ ಕಿಲ್‌ಪ್ಯಾಟ್ರಿಕ್ ‘ಪ್ರಾಜೆಕ್ಟ್ ವಿಧಾನ’ ಎಂಬ ಪ್ರಬಂಧ ಬರೆದದ್ದು 1918ರಲ್ಲಿ. ಕೈಕೆಲಸದ ಮೂಲಕ ಎಲ್ಲ ವಿಷಯ ಕಲಿಸಬೇಕೆಂಬ ಗಾಂಧೀಜಿಯವರ ಮೂಲಶಿಕ್ಷಣದ ಯೋಜನೆ 1937ರಲ್ಲಿ ವಾರ್ಧಾದಲ್ಲಿ ಚರ್ಚೆಗೆ ಬಂತು. 1993ರಲ್ಲಿ ಆರಂಭವಾದ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶವಂತೂ ನಮ್ಮ ಮಕ್ಕಳಿಗೆ ಹತ್ತಿರದ್ದು. 10ರಿಂದ 17 ವರ್ಷದ ಮಕ್ಕಳು ತಮ್ಮೂರಿನದೇ ಒಂದು ಸಮಸ್ಯೆ ಆರಿಸಿಕೊಂಡು, ದಿನಚರಿ ಇಟ್ಟು ಅಧ್ಯಯನ ಮಾಡಿ, ತಮ್ಮ ಭಾಷೆಯಲ್ಲೇ ಮಂಡಿಸುವ ಅವಕಾಶ ಅದರದ್ದು. ಕರ್ನಾಟಕದಲ್ಲಿ ಇದನ್ನು ಶಾಲೆಗಳಿಗೆ ತಲುಪಿಸಿದ್ದು ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ 6ರಿಂದ 8ನೇ ತರಗತಿಯ ಮಕ್ಕಳಿಗೆ 10 ದಿನಗಳ ಚೀಲವಿಲ್ಲದ ಕಲಿಕೆಯನ್ನು ಸೂಚಿಸಿದೆ.

‘ಪರೀಕ್ಷೆಯ ಗತಿ?’

ತಂದೆತಾಯಿಯರ ಈ ಆತಂಕ ಸಹಜ. ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯಲ್ಲಿ 1972ರಲ್ಲಿ 16 ಮಾಧ್ಯಮಿಕ ಶಾಲೆಗಳು ಪ್ರಯೋಗ ಮಾಡಿಯೇ ವಿಜ್ಞಾನ ಕಲಿಯುವ ಕಾರ್ಯಕ್ರಮ ಆರಂಭಿಸಿದಾಗ, ಅಲ್ಲಿನವರು ಪರೀಕ್ಷೆಯನ್ನೇ ಬದಲಿಸಿದರು. ಮಕ್ಕಳು ಪುಸ್ತಕ ತೆರೆದಿಟ್ಟುಕೊಂಡು ಬರೆಯಬಹುದಿತ್ತು, ಜೊತೆಗೆ ಪ್ರಯೋಗ ಮಾಡಿ ತೋರಿಸಬೇಕಿತ್ತು. ನೂರಾರು ಶಾಲೆಗಳಿಗೆ ಹಬ್ಬಿದ ಆ ಕಾರ್ಯಕ್ರಮವನ್ನು ಸರ್ಕಾರ 2002ರಲ್ಲಿ ನಿಲ್ಲಿಸಿತು. ಕಲಿಸುವ ರೀತಿ ಬದಲಾಗಿ ಅಳೆಯುವ ರೀತಿ ಹಾಗೇ ಉಳಿದರೆ ಮಗು ಎರಡರ ನಡುವೆ ಸಿಕ್ಕಿಕೊಳ್ಳುತ್ತದೆಂಬುದನ್ನು ಅವರು ಕಂಡುಕೊಂಡಿದ್ದರು. ಆದ್ದರಿಂದ ಶಾಲೆ ಅಂಕ ಕೊಡಬೇಕಾದದ್ದು ಚಾರ್ಟಿನ ಅಂದಕ್ಕಲ್ಲ, ದಿನಚರಿಯ ಪ್ರಾಮಾಣಿಕತೆಗೆ. ತಪ್ಪಾದ ಅಳತೆ, ಹೊಡೆದು ಹಾಕಿದ ಸಾಲು, ಮತ್ತೆ ಬರೆದ ಅಂಕಿ ಎಲ್ಲಕ್ಕೂ ಅಲ್ಲಿ ಬೆಲೆ ಇರಬೇಕು.

ತಂದೆತಾಯಿಯರಿಗೂ ಕೆಲಸವಿದೆ. ನೀರಿನ ಹತ್ತಿರ ಮಕ್ಕಳನ್ನು ಒಂಟಿಯಾಗಿ ಬಿಡಬಾರದು, ದೊಡ್ಡವರೊಬ್ಬರು ಜೊತೆಗಿರಬೇಕು. ಕೆರೆಯ ನೀರು ಮುಟ್ಟಿದರೆ ಸೋಪು ಹಾಕಿ ಕೈ ತೊಳೆಸಬೇಕು. ಬೇಸಿನ್ನು, ಸ್ಕೇಲು, ನೋಟುಬುಕ್ಕು ಒದಗಿಸಬೇಕು. ಮಾಡಬಾರದ ಕೆಲಸ ಒಂದೇ, ಉತ್ತರ ಹೇಳಿಕೊಡುವುದು. ಎಷ್ಟೋ ಸಲ ಅದು ನಮಗೂ ಗೊತ್ತಿರುವುದಿಲ್ಲ. ‘ನನಗೂ ಗೊತ್ತಿಲ್ಲ ಕಣೋ, ಅಳೆದು ನೋಡೋಣ ಬಾ’ ಎಂದು ಅಪ್ಪ ಹೇಳಿದ ಭಾನುವಾರ, ಆ ಮನೆಯವರು ಸ್ಟೇಷನರಿ ಅಂಗಡಿಗೆ ಓಡಬೇಕಾಗುವುದಿಲ್ಲ.