ಸ್ಟೆಂಟೂ ಇದೆ, ಡಯಾಲಿಸಿಸ್ಸೂ ಇದೆ: ರಕ್ತ ತೆಳು ಮಾಡೋ ಮಾತ್ರೆ ಬಿಡಬಹುದಾ?

ಕೊಳ್ಳೇಗಾಲದಿಂದ ಮಾತಾಡ್ತಿದ್ದೀನಿ. ಇವತ್ತಿನ ವಿಷಯ ನಮ್ಮ ಮನೇದೇ.

ನಮ್ಮ ದೊಡ್ಡಪ್ಪನಿಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್. ಹೋದ ವರ್ಷ ಹಾರ್ಟ್ ಅಟ್ಯಾಕ್ ಆಗಿ ಮೈಸೂರಲ್ಲಿ ಸ್ಟೆಂಟ್ ಹಾಕಿದರು. ಎರಡು ತಿಂಗಳಾದ ಮೇಲೆ ಒಂದಿನ, "ಸೂಜಿ ತೆಗೆದ ಜಾಗದಲ್ಲಿ ರಕ್ತ ನಿಲ್ತಾನೇ ಇಲ್ಲ ಕಣ್ಲಾ, ಮಾತ್ರೆ ಬಿಟ್ಟುಬಿಟ್ಟೆ" ಅಂದರು. ಬಿಟ್ಟು ಆಗಲೇ ಐದು ದಿನ. ಯಾರಿಗೂ ಹೇಳಿರಲಿಲ್ಲ.

ನಾನು ಬಿ.ಕಾಂ. ಓದಿದವನು, ಡಾಕ್ಟರಲ್ಲ. ಅವತ್ತು ಕೇಳಿ, ಓದಿ ತಿಳಿದಿದ್ದನ್ನ ಹೇಳ್ತೀನಿ.

ಸ್ಟೆಂಟ್ ಅಂದ್ರೆ ರಕ್ತನಾಳದೊಳಗೆ ಕೂರಿಸೋ ಸಣ್ಣ ಲೋಹದ ಜಾಲರಿ. ಅದರ ಮೇಲೆ ನಾಳದ ಪದರ ಬೆಳೆಯೋವರೆಗೂ ಪ್ಲೇಟ್‌ಲೆಟ್‌ಗಳು ಅಂಟಿಕೊಂಡು ರಕ್ತ ಹೆಪ್ಪುಗಟ್ಟಬಹುದು. ಆಗ ಮತ್ತೆ ಹಾರ್ಟ್ ಅಟ್ಯಾಕ್, ಜೀವವೇ ಹೋಗಬಹುದು. ಅದಕ್ಕೇ ಆಸ್ಪಿರಿನ್ ಜೊತೆ ಕ್ಲೋಪಿಡೋಗ್ರೆಲ್‌ನಂಥ ಇನ್ನೊಂದು ಮಾತ್ರೆ. ಇವು ನಿಜವಾಗಿ ರಕ್ತ ತೆಳು ಮಾಡಲ್ಲ, ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟದಂಗೆ ತಡೀತವೆ. ಹಾರ್ಟ್ ಅಟ್ಯಾಕ್ ಆದವರಿಗೆ ಎರಡೂ ಸಾಮಾನ್ಯವಾಗಿ 12 ತಿಂಗಳು, ಅಟ್ಯಾಕ್ ಆಗದೆ ಸ್ಟೆಂಟ್ ಹಾಕಿಸಿಕೊಂಡವರಿಗೆ 6 ತಿಂಗಳು. ಆಮೇಲೆ ಒಂದೇ ಮಾತ್ರೆ.

ಡಯಾಲಿಸಿಸ್ ಇದ್ದರೆ ಲೆಕ್ಕ ಬದಲಾಗುತ್ತೆ. ಕಿಡ್ನಿ ಕೆಟ್ಟಾಗ ಪ್ಲೇಟ್‌ಲೆಟ್‌ಗಳು ಸರಿಯಾಗಿ ಕೆಲಸ ಮಾಡಲ್ಲ, ರಕ್ತಸ್ರಾವ ಸುಲಭ. ಮೇಲಿಂದ, ಯಂತ್ರದ ಪೈಪಲ್ಲಿ ರಕ್ತ ಹೆಪ್ಪುಗಟ್ಟದಿರಲಿ ಅಂತ ಹೆಪಾರಿನ್ ಕೊಡ್ತಾರೆ. ಆದರೆ ಇದೇ ರೋಗಿಗಳಿಗೆ ಸ್ಟೆಂಟ್ ಮುಚ್ಚಿಹೋಗೋ ಅಪಾಯವೂ ಜಾಸ್ತಿ. ಎರಡೂ ಕಡೆ ಬಾಕಿ ಇರೋ ಖಾತೆ ಇದು.

2019ರಲ್ಲಿ ಹಲವು ದೇಶಗಳ ಹೃದಯ ತಜ್ಞರು ಸೇರಿ, ಸ್ಟೆಂಟ್ ಹಾಕಿಸಿಕೊಂಡವರಲ್ಲಿ ರಕ್ತಸ್ರಾವದ ಅಪಾಯ ಯಾರಿಗೆ ಹೆಚ್ಚು ಅಂತ ಪಟ್ಟಿ ಮಾಡಿದರು. ಅದರಲ್ಲಿ ಕಿಡ್ನಿ ಪೂರ್ತಿ ಕೈಕೊಟ್ಟವರು ದೊಡ್ಡ ಅಪಾಯದ ಸಾಲಲ್ಲಿದ್ದಾರೆ. ಅಂಥವರಿಗೆ ಎರಡು ಮಾತ್ರೆಯ ಅವಧಿಯನ್ನ ಡಾಕ್ಟರ್ ಕಮ್ಮಿ ಮಾಡಬಹುದು, ಕೆಲವರಿಗೆ 1ರಿಂದ 3 ತಿಂಗಳಿಗೇ. ಆದರೆ ಈ ಮಾತ್ರೆಗಳ ದೊಡ್ಡ ಪ್ರಯೋಗಗಳಲ್ಲಿ ಡಯಾಲಿಸಿಸ್ ರೋಗಿಗಳನ್ನ ಹೆಚ್ಚಾಗಿ ಸೇರಿಸಿಕೊಂಡೇ ಇರಲಿಲ್ಲ. ಹಾಗಾಗಿ ಎಲ್ಲರಿಗೂ ಒಂದೇ ಉತ್ತರ ಇಲ್ಲ.

ನಮ್ಮ ಕಡೆ ಇನ್ನೊಂದು ತೊಡಕಿದೆ. ಡಯಾಲಿಸಿಸ್ ಊರಲ್ಲಿ, ಹೃದಯದ ಡಾಕ್ಟರ್ ಮೈಸೂರಲ್ಲಿ. ಎರಡು ಫೈಲು, ಎರಡು ಚೀಟಿ. ಅವೆರಡನ್ನೂ ಸೇರಿಸಬೇಕಾದವರು ನಾವೇ, ಮನೆಯ ಹುಡುಗ ಹುಡುಗೀರು. ಸ್ಟೆಂಟ್ ಹಾಕಿದ ದಿನ, ಮಾತ್ರೆಗಳ ಹೆಸರು, ಎಲ್ಲಿವರೆಗೆ ಅನ್ನೋದು, ಇಷ್ಟನ್ನ ಚೀಟಿಯ ಫೋಟೋ ಸಮೇತ ಫೋನಲ್ಲಿಟ್ಟುಕೊಳ್ಳಿ. ಎರಡೂ ಕಡೆ ತೋರಿಸಿ. ಮೈಕೈ ನೋವಿಗೆ ಅಂತ ಅಂಗಡಿಯಿಂದ ಡೈಕ್ಲೋಫೆನಾಕ್ ತಂದುಕೊಡಬೇಡಿ, ರಕ್ತಸ್ರಾವ ಹೆಚ್ಚುತ್ತೆ. ಮಲ ಡಾಂಬರಿನಂಗೆ ಕಪ್ಪಗಾದರೆ, ಒತ್ತಿ ಹಿಡಿದರೂ ರಕ್ತ ನಿಲ್ಲದಿದ್ದರೆ ತಕ್ಷಣ ಆಸ್ಪತ್ರೆಗೆ.

ದೊಡ್ಡಪ್ಪನ ಕಥೆ? ಡಯಾಲಿಸಿಸ್ ಡಾಕ್ಟರ್ ಮೈಸೂರಿಗೆ ಫೋನ್ ಮಾಡಿ ಮಾತಾಡಿದರು. ಮಾತ್ರೆ ಅವತ್ತೇ ಮತ್ತೆ ಶುರುವಾಯ್ತು. ಕಮ್ಮಿ ಆಗಿದ್ದು ಹೆಪಾರಿನ್. ಈ ದಾರಿ ನಮಗೆ ಯಾರಿಗೂ ಹೊಳೆದಿರಲಿಲ್ಲ. ಅದಕ್ಕೇ ಹೇಳ್ತಿರೋದು, ಬಿಡೋ ಮುಂಚೆ ಒಂದು ಮಾತು ಕೇಳಿ.