ಕಡಲಿಗೆ ಅಳತೆಯಿಟ್ಟ ಮನೆ

ಹಣವುಳ್ಳವರು ಸಮುದ್ರತೀರದಲ್ಲಿ ಸಂಸಾರಕ್ಕೊಂದು ಮನೆ ಕಟ್ಟಿಸಹೊರಟರೆ ಮೊದಲು ಬಯಸುವುದು ನೆಲದಿಂದ ಸೂರಿನವರೆಗಿನ ಗಾಜನ್ನೇ. ಕಡಲು ಎಷ್ಟು ಕಂಡರೂ ಸಾಲದೆಂಬುದು ಅವರ ಭಾವನೆ. ಅದನ್ನೊಪ್ಪದೆ, ನೋಟಕ್ಕೂ ಮಿತಿಯುಂಟೆಂದು ಬಗೆದು ತನ್ನ ಮನೆಯನ್ನು ರೂಪಿಸಿಕೊಂಡವನು ಡೆನ್ಮಾರ್ಕಿನ ವಾಸ್ತುಶಿಲ್ಪಿ ಯೋರ್ನ್ ಉಟ್ಸನ್. ಸಿಡ್ನಿ ಆಪೆರಾ ಹೌಸಿನ ಸ್ಪರ್ಧೆಯನ್ನು 1957ರಲ್ಲಿ ಗೆದ್ದು, ಸರ್ಕಾರದೊಡನೆ ವಿರಸವುಂಟಾಗಿ 1966ರಲ್ಲಿ ಆ ಕೆಲಸವನ್ನು ಅರ್ಧಕ್ಕೇ ಬಿಟ್ಟು ಹೊರಟ ಆತನು, 1970ರ ದಶಕದ ಆದಿಭಾಗದಲ್ಲಿ ಸ್ಪೇನಿನ ಮಯೋರ್ಕಾ ದ್ವೀಪದಲ್ಲಿ, ಮೆಡಿಟರೇನಿಯನ್ ಸಮುದ್ರಕ್ಕೆದುರಾದ ಕಡಿದಾದ ಬಂಡೆಯಂಚಿನ ಮೇಲೆ ಕಟ್ಟಿ ಮಡದಿ ಲಿಸ್ ಎಂಬಾಕೆಯ ಹೆಸರಿಟ್ಟ ಆ ಗೃಹವೇ ಕಾನ್ ಲಿಸ್.

ಅಡಿಗೆ ಊಟಗಳಿಗೊಂದು, ಕುಳಿತು ಮಾತನಾಡುವುದಕ್ಕೊಂದು, ಶಯನಕ್ಕೆ ಬೇರೆ, ಅತಿಥಿಗಳಿಗೆ ಬೇರೆ ಎಂದು ಬಂಡೆಯಂಚನ್ನನುಸರಿಸಿ ಬಿಡಿಬಿಡಿಯಾಗಿ ನಿಂತ ಮಂಟಪಗಳ ಸಾಲು ಅದು. ಊಟದ ಮನೆಯಿಂದ ಬೈಠಕ್ಕಿಗೆ ಹೋಗಬೇಕಾದವನು ಬಯಲಿಗೆ ಬರಲೇಬೇಕು. ಇದನ್ನು ಅನಾನುಕೂಲವೆನ್ನುವವರುಂಟು, ನನಗಂತೂ ಆ ಮನೆಯ ಪರಮ ಭೋಗವೇ ಇದೆಂದು ತೋರುತ್ತದೆ. ಗೋಡೆಗಳಿಗೆ ಬಳಸಿದ್ದು ಮರೇಸ್ ಎಂದು ಅಲ್ಲಿಯವರು ಕರೆಯುವ, ಆ ದ್ವೀಪದಲ್ಲಿ ಯಥೇಚ್ಛವಾಗಿ ದೊರೆಯುವ ಮೆದುವಾದ ಮರಳುಗಲ್ಲು. ಗರಗಸದ ಗೀರುಗಳನ್ನು ಗಾರೆಯಿಂದ ಮರೆಮಾಡುವ ಗೋಜಿಗೇ ಆತನು ಹೋಗಲಿಲ್ಲ. ಕುಳಿತುಕೊಳ್ಳುವ ಅರ್ಧವರ್ತುಲದ ಜಗಲಿಯೂ ಕಟ್ಟಡದ ಅಂಗವೇ ಆಗಿದೆ.

ಆದರೆ ಆತನ ಪ್ರತಿಭೆಯ ನಿಜವಾದ ಸಾಕ್ಷಿ ಕಿಟಕಿಗಳಲ್ಲಿದೆ. ಬೈಠಕ್ಕಿನಲ್ಲಿ ಒಂದೊಂದು ಕಿಟಕಿಯೂ ಆಳವಾದ ಕಲ್ಲಿನ ಗೂಡಾಗಿ, ತನ್ನದೇ ಕೋನದಲ್ಲಿ ಕಡಲಿನ ಬೇರೆಬೇರೆ ಭಾಗಕ್ಕೆ ತಿರುಗಿದೆ. ಚೌಕಟ್ಟುಗಳನ್ನು ಹೊರಮೈಗೆ ಕೂರಿಸಿರುವುದರಿಂದ ಒಳಗೆ ಕುಳಿತವನಿಗೆ ಅವು ಕಾಣದೆ, ನೀರೂ ದಿಗಂತವೂ ಮಾತ್ರ ಗೋಚರಿಸುತ್ತವೆ. ಪಶ್ಚಿಮದ ಗೋಡೆಯಲ್ಲಿ ಮೇಲೆ ಕೊರೆದ ಕಿರಿದಾದ ಸೀಳೊಂದರಿಂದ ಅಪರಾಹ್ನದಲ್ಲಿ ಕೆಲವು ನಿಮಿಷಗಳ ಕಾಲ ಬಿಸಿಲಿನ ಕೋಲೊಂದು ಕೋಣೆಯನ್ನು ಹೊಕ್ಕು, ಕಲ್ಲನ್ನು ಸವರಿ, ಮಾಯವಾಗುತ್ತದೆ. ಸೂರ್ಯಗತಿಯನ್ನು ತಿಳಿದು ದೇವಾಲಯ ಕಟ್ಟಿದವರಿಗೆ ಸಲ್ಲುವ ಈ ಜಾಣ್ಮೆಯನ್ನು ಮನೆಯ ಗೋಡೆಯಲ್ಲಿ ಕಾಣುವುದು ವಿರಳ.

ಇಷ್ಟೆಲ್ಲ ಎಚ್ಚರ ವಹಿಸಿದರೂ ಕಡಲಿನಿಂದ ಪ್ರತಿಫಲಿಸುವ ಪ್ರಖರವಾದ ಬೆಳಕು ವೃದ್ಧಾಪ್ಯದಲ್ಲಿ ಆತನ ಕಣ್ಣುಗಳನ್ನು ಬಾಧಿಸಿತು. ಕೀರ್ತಿವಂತನ ಮನೆಯೆಂದು ಹೇಳದೆ ಕೇಳದೆ ಬಂದು ಇಣುಕುವವರ ಕಾಟ ಬೇರೆ. ಕಡೆಗೆ 1990ರ ದಶಕದ ನಡುವಿನಲ್ಲಿ ದಂಪತಿಗಳು ಅದೇ ದ್ವೀಪದ ಒಳನಾಡಿನ ಬೆಟ್ಟದ ಮೇಲೆ, ಸಮುದ್ರವು ದೂರದಲ್ಲಷ್ಟೇ ಕಾಣುವ ಕಾನ್ ಫೆಲಿಸ್ ಎಂಬ ಹೊಸ ಮನೆಗೆ ಹೊರಟುಹೋದರು. ಕಡಲಂಚಿನಲ್ಲಿ ನಿವೇಶನ ಕೊಂಡಿರುವ ಭಾಗ್ಯಶಾಲಿಗಳು ನಕ್ಷೆ ಬರೆಸುವುದಕ್ಕೆ ಮುಂಚೆ, ಬೇಸಗೆಯ ನಡುಹಗಲಿನಲ್ಲಿ ಆ ಬಯಲಿನಲ್ಲೊಮ್ಮೆ ನೀರಿಗೆ ಮುಖಮಾಡಿ ಕುಳಿತು ನೋಡಲಿ. ಗಾಜಿನ ಲೆಕ್ಕವನ್ನು ಆಮೇಲೆ ಹಾಕಬಹುದು.